ಹಾಲಿನ ಕ್ಯಾನು, ಹಳದಿ ಬೋಗಿ: ಲೀಕ್ ಅಂಡ್ ಮ್ಯಾನಿಫೋಲ್ಡ್ ರೈಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1904ರಲ್ಲಿ ಶುರುವಾಗಿ 1934ರಲ್ಲಿ ನಿಂತುಹೋದ ಒಂದು ಪುಟ್ಟ ರೈಲಿನ ಕಥೆ ಇದು. ಓಡಿದ್ದು ಬರೀ ಮೂವತ್ತು ವರ್ಷ. ನಿಂತು ತೊಂಬತ್ತು ವರ್ಷದ ಮೇಲಾಯಿತು. ಆ ದಾರಿಯಲ್ಲಿ ನಾನು ಸೈಕಲ್ ಹೊಡೆದ ಫೋಟೋ ನೋಡಿದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ರೈಲು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು?

ವಾಟರ್‌ಹೌಸಸ್ ಅನ್ನೋ ಹಳ್ಳಿಯಿಂದ ಹಲ್ಮ್ ಎಂಡ್ ಅನ್ನೋ ಇನ್ನೂ ಸಣ್ಣ ಹಳ್ಳಿಗೆ. ದೂರ ಎಂಟೂಕಾಲು ಮೈಲಿ, ಅಂದರೆ 13 ಕಿಲೋಮೀಟರ್ ಚಿಲ್ಲರೆ. ಮೊದಲು ಹ್ಯಾಂಪ್ಸ್ ಅನ್ನೋ ಹೊಳೆಯ ಪಕ್ಕದಲ್ಲೇ ಇಳಿಯುತ್ತಾ ಹೋಗುತ್ತಿತ್ತು. ಬೀಸ್ಟನ್ ಟಾರ್ ಬಂಡೆಯ ಹತ್ತಿರ ತಿರುಗಿ, ಮ್ಯಾನಿಫೋಲ್ಡ್ ಹೊಳೆಯ ಗುಂಟ ಮೇಲಕ್ಕೆ ಹತ್ತುತ್ತಿತ್ತು. ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಗುಡ್ಡ, ನಡುವೆ ಕಿರಿದಾದ ಕಣಿವೆ. ಈಗ ಅದೆಲ್ಲ ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕಿನ ಭಾಗ.

ಹೆಸರಲ್ಲಿ ಲೀಕ್ ಇದೆ, ಆದರೆ ಈ ಪುಟ್ಟ ರೈಲು ಲೀಕ್ ಪಟ್ಟಣಕ್ಕೆ ಹೋಗುತ್ತಲೇ ಇರಲಿಲ್ಲ. ಲೀಕ್‌ನಿಂದ ವಾಟರ್‌ಹೌಸಸ್‌ವರೆಗೆ ಮಾಮೂಲಿ ಅಗಲದ ದೊಡ್ಡ ರೈಲು ಹಾಕಬೇಕು, ಅಲ್ಲಿಂದ ಮುಂದೆ ಸಣ್ಣದು ಅನ್ನೋದು ಲೆಕ್ಕ. ಆದದ್ದು ಮಾತ್ರ ತಮಾಷೆ. ಸಣ್ಣ ರೈಲು 1904ರ ಜೂನ್ 27ರಂದು ಉದ್ಘಾಟನೆಯಾಯಿತು, ದೊಡ್ಡ ರೈಲಿನ ಕೆಲಸ ಮುಗಿದೇ ಇರಲಿಲ್ಲ. ಅದು ಬಂದದ್ದು 1905ರ ಜುಲೈನಲ್ಲಿ. ನಡುವಿನ ಒಂದು ವರ್ಷ ಜನ ಲೀಕ್‌ನಿಂದ ಹಬೆಯಲ್ಲಿ ಓಡುವ ಬಸ್ಸು ಹತ್ತಿ ಬಂದು ಇಲ್ಲಿ ರೈಲು ಹಿಡಿಯಬೇಕಿತ್ತು. ಇಂಥ ಎಡವಟ್ಟು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ ನಾನು.

ಅಷ್ಟು ಸಣ್ಣ ಕಣಿವೆಗೆ ರೈಲು ಯಾಕೆ ಬೇಕಿತ್ತು?

ಹಾಲಿಗಾಗಿ. ಇದೊಂದೇ ಉತ್ತರ ಅಂದರೂ ತಪ್ಪಿಲ್ಲ.

ಇಲ್ಲಿನ ರೈತರಿಗೆ ದನವೇ ಜೀವನ. ಹಾಲು, ಚೀಸ್ ಪಟ್ಟಣಕ್ಕೆ ಹೋಗಬೇಕು. ರಸ್ತೆಗಳೋ, ಗುಡ್ಡದ ಮೇಲಿಂದ ಕಣಿವೆಗೆ ಇಳಿದು ಮತ್ತೆ ಗುಡ್ಡಕ್ಕೆ ಹತ್ತುವಂಥವು. ಕುದುರೆ ಗಾಡಿಯಲ್ಲಿ ಹಾಲು ಸಾಗಿಸೋದು ಕಷ್ಟದ ಕೆಲಸ. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇಸಾಯ ಮಾಡುವವರ ಪರಿಸ್ಥಿತಿಯೂ ಕೆಟ್ಟಿತ್ತು. ಹಳ್ಳಿಗಳಿಗೆ ಕಡಿಮೆ ಖರ್ಚಿನಲ್ಲಿ ರೈಲು ಹಾಕಲು ಅನುಕೂಲ ಆಗಲಿ ಅಂತ 1896ರಲ್ಲಿ ಲೈಟ್ ರೈಲ್ವೇಸ್ ಆಕ್ಟ್ ಬಂತು. ಪೂರ್ತಿ ರೈಲಿನ ಕಟ್ಟುಪಾಡು ಬೇಡ, ನಿಧಾನ ಹೋಗಲಿ, ಸಿಗ್ನಲ್ ಕಡಿಮೆ ಇರಲಿ, ಪ್ಲಾಟ್‌ಫಾರ್ಮ್ ಗಿಡ್ಡ ಇರಲಿ, ಒಟ್ಟಿನಲ್ಲಿ ಓಡಲಿ ಅನ್ನೋ ಕಾನೂನು ಅದು. ಈ ರೈಲು ಅದರ ಕೂಸು.

ಕಣಿವೆಯ ಎಕ್ಟನ್‌ನಲ್ಲಿ ತಾಮ್ರದ ಗಣಿಯೂ ಇತ್ತು. 18ನೇ ಶತಮಾನದಲ್ಲಿ ಅದು ಡೆವನ್‌ಶೈರ್ ಡ್ಯೂಕ್ ಮನೆತನಕ್ಕೆ ಹಣದ ಹೊಳೆಯನ್ನೇ ಹರಿಸಿತ್ತು. ಆದರೆ ರೈಲು ಬರುವ ಹೊತ್ತಿಗೆ ಗಣಿಯ ಕಥೆ ಮುಗಿದಿತ್ತು. ನೂರು ವರ್ಷ ಮೊದಲೇ ರೈಲು ಇದ್ದಿದ್ದರೆ ಲೆಕ್ಕವೇ ಬೇರೆ ಆಗುತ್ತಿತ್ತು. ಆದರೆ ಆಗ ರೈಲನ್ನೇ ಯಾರೂ ಕಂಡಿರಲಿಲ್ಲವಲ್ಲ.

ಇಂಡಿಯಾಗೂ ಇದಕ್ಕೂ ಸಂಬಂಧ ಇದೆ ಅಂತಾರಲ್ಲ, ನಿಜಾನಾ?

ನಿಜ. ನನ್ನನ್ನು ಈ ರೈಲಿನ ಹಿಂದೆ ಬೀಳಿಸಿದ್ದೇ ಅದು.

ಇದರ ಎಂಜಿನಿಯರ್ ಹೆಸರು ಎವೆರಾರ್ಡ್ ಕಾಲ್‌ತ್ರಪ್. 1880ರ ದಶಕದಲ್ಲಿ ಇಂಡಿಯಾಗೆ ಬಂದು ರೈಲ್ವೆಯಲ್ಲಿ ಕೆಲಸ ಮಾಡಿದವರು. ಈಗಿನ ಮಹಾರಾಷ್ಟ್ರದ ಬಾರ್ಶಿ ಲೈಟ್ ರೈಲ್ವೆ ಅವರದೇ ಕನಸು. 1897ರಲ್ಲಿ ಅದು ಓಡಲು ಶುರುವಾಯಿತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ. ಅವರ ಮುಖ್ಯ ಲೆಕ್ಕಾಚಾರ ಏನೆಂದರೆ, ಒಂದೊಂದು ಅಚ್ಚಿನ ಮೇಲೂ ಐದು ಟನ್‌ಗಿಂತ ಜಾಸ್ತಿ ಭಾರ ಬೀಳಬಾರದು. ಎಂಜಿನ್ ಆಗಲಿ, ಬೋಗಿ ಆಗಲಿ, ಗೂಡ್ಸ್ ಆಗಲಿ, ಭಾರವನ್ನು ಎಲ್ಲ ಗಾಲಿಗಳ ಮೇಲೂ ಸಮನಾಗಿ ಹಂಚಿದರೆ ತೆಳ್ಳಗಿನ ಹಳಿ ಸಾಕು, ಖರ್ಚು ಉಳಿಯುತ್ತದೆ. ನಾವು ಸಂತೆಯಿಂದ ಬರುವಾಗ ಒಂದೇ ಕೈಗೆ ಚೀಲ ಹಾಕದೆ ಎರಡೂ ಕೈಗೆ ಹಂಚಿಕೊಳ್ಳುತ್ತೇವಲ್ಲ, ಹಾಗೆ.

ಬಾರ್ಶಿ ರೈಲು ಬರಬರುತ್ತಾ ಪಂಢರಪುರ, ಲಾತೂರು, ಕೊನೆಗೆ 1927ರಲ್ಲಿ ಮಿರಜದವರೆಗೆ ಬೆಳೆಯಿತು. ಬೆಳಗಾವಿ ಕಡೆಯ ಹಳಬರನ್ನು ಕೇಳಿ ನೋಡಿ. ಮಿರಜದಲ್ಲಿ ಇಳಿದು, ಸಣ್ಣ ಗಾಡಿ ಹತ್ತಿ ವಿಠ್ಠಲನ ದರ್ಶನಕ್ಕೆ ಹೋಗಿದ್ದನ್ನು ಹೇಳುವವರು ಈಗಲೂ ಸಿಗುತ್ತಾರೆ. ಆ ಗಾಡಿಯ ತಮ್ಮ ಈ ಮ್ಯಾನಿಫೋಲ್ಡ್ ರೈಲು. ಅದೇ ಗೇಜು, ಅದೇ ಲೆಕ್ಕ, ಅದೇ ಎಂಜಿನಿಯರ್. ಸಾಮಾನ್ಯವಾಗಿ ಇಂಗ್ಲೆಂಡಿನಲ್ಲಿ ಮಾಡಿದ್ದನ್ನು ಇಂಡಿಯಾಗೆ ತರುತ್ತಿದ್ದರು ಅಂತ ಓದಿರುತ್ತೇವೆ. ಇಲ್ಲಿ ಉಲ್ಟಾ. ಸೋಲಾಪುರದ ಬಿಸಿಲಿನಲ್ಲಿ ಪಳಗಿದ ರೈಲು ಸ್ಟಾಫರ್ಡ್‌ಶೈರ್‌ನ ಮಳೆಗೆ ಹೋಯಿತು.

ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಎರಡೂವರೆ ಅಡಿ ಅಂದರೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನದ ಕಾಲದ ನಿಮ್ಮ ಹಳೇ ಸಣ್ಣ ರೈಲಿನದ್ದೂ ಅದೇ ಅಳತೆ. ಅದಕ್ಕೂ ಕಾಲ್‌ತ್ರಪ್‌ಗೂ ಸಂಬಂಧ ಕಟ್ಟಲು ಹೋಗಬೇಡಿ, ಅಳತೆ ಮಾತ್ರ ಒಂದೇ.

ರೈಲು ನೋಡೋಕೆ ಹೇಗಿತ್ತು?

ಇಂಗ್ಲೆಂಡಿನ ರೈಲಿನ ಹಾಗೆ ಇರಲೇ ಇಲ್ಲ. ಬೋಗಿಗಳಿಗೆ ತಿಳಿಹಳದಿ ಬಣ್ಣ. ಎರಡೂ ತುದಿಯಲ್ಲಿ ನಮ್ಮ ಹಳೇ ಮನೆಗಳ ಜಗಲಿಯಂತೆ ತೆರೆದ ಕಟ್ಟೆ, ಅದಕ್ಕೊಂದು ಕಟಕಟೆ. ಬೋಗಿಗಳು ಒಟ್ಟು ನಾಲ್ಕೇ ನಾಲ್ಕು. ಎಂಜಿನ್ ಎರಡು. ಎರಡನ್ನೂ 1904ರಲ್ಲಿ ಲೀಡ್ಸ್‌ನ ಕಿಟ್ಸನ್ ಕಂಪನಿ ಮಾಡಿಕೊಟ್ಟಿತು. ಒಂದಕ್ಕೆ ಕಾಲ್‌ತ್ರಪ್ ಅವರ ಹೆಸರು, ಇನ್ನೊಂದಕ್ಕೆ ಸ್ಥಳದಲ್ಲೇ ಇದ್ದು ಕೆಲಸ ನೋಡಿಕೊಂಡ ಎಂಜಿನಿಯರ್ ಜೆ. ಬಿ. ಅರ್ಲ್ ಹೆಸರು.

ಎಂಜಿನ್ ಮುಂದೆ ಇಷ್ಟು ದೊಡ್ಡ ಹೆಡ್‌ಲೈಟ್. ಹಳೇ ಫೋಟೋ ನೋಡಿದರೆ ಮೊದಲು ಕಣ್ಣಿಗೆ ಬೀಳೋದೇ ಅದು. ಇಂಡಿಯಾದಲ್ಲಿ ರಾತ್ರಿ ಹಳಿ ಮೇಲೆ ದನ, ಎಮ್ಮೆ, ಏನು ಬೇಕಾದರೂ ನಿಂತಿರಬಹುದು, ದೀಪ ಬೇಕು. ಇಲ್ಲಿ ಅದನ್ನು ಹಚ್ಚಿದ್ದೇ ಅಪರೂಪ. ಮದುವೆಗೆ ಅಂತ ಹೊಲಿಸಿದ ಕೋಟನ್ನು ತೋಟಕ್ಕೆ ಹಾಕಿಕೊಂಡು ಹೋದಂತೆ!

ವೇಗ ಗಂಟೆಗೆ 15 ಮೈಲಿ ದಾಟುವ ಹಾಗಿಲ್ಲ. ನಿಲ್ಲುತ್ತಾ ಹೋಗಿ ಇಡೀ ದಾರಿ ಮುಗಿಸಲು ಮುಕ್ಕಾಲು ಗಂಟೆಯ ಮೇಲೆಯೇ ಬೇಕಿತ್ತು. 1923ರಲ್ಲಿ ರೈಲು ಎಲ್‌ಎಂಎಸ್ ಅನ್ನೋ ದೊಡ್ಡ ಕಂಪನಿಯ ಕೈಗೆ ಹೋದ ಮೇಲೆ ಬೋಗಿಗಳಿಗೆ ಆ ಕಂಪನಿಯ ಕೆಂಪು ಬಣ್ಣ ಬಂತು. ನನಗೆ ಹಳದಿಯೇ ಇಷ್ಟ.

ಒಂದು ರೈಲಿನ ಮೇಲೆ ಇನ್ನೊಂದು ರೈಲು ಕೂರುತ್ತಿತ್ತಂತೆ, ಅದು ಹೇಗೆ?

ಬರೀ ಗೂಡ್ಸ್ ವ್ಯಾಗನ್, ಪೂರ್ತಿ ರೈಲಲ್ಲ. ಆದರೂ ಕೇಳಲು ಮಜಾ ಇದೆ.

ಸಣ್ಣ ಗೇಜಿನ ರೈಲಿಗೆ ಒಂದು ಶಾಪ ಇದೆ. ದೊಡ್ಡ ರೈಲು ಸಿಗುವ ಜಾಗದಲ್ಲಿ ಸಾಮಾನನ್ನೆಲ್ಲ ಇಳಿಸಿ ಮತ್ತೆ ತುಂಬಬೇಕು. ಕೂಲಿ ಖರ್ಚು, ಸಮಯ ದಂಡ, ಹಾಲಾದರೆ ಹಾಳಾಗುವ ಭಯ. ಕಾಲ್‌ತ್ರಪ್ ಇದಕ್ಕೊಂದು ದಾರಿ ಕಂಡುಕೊಂಡರು. ನೆಲಕ್ಕೆ ತಾಗುವಷ್ಟು ತಗ್ಗಿನ, ಉದ್ದನೆಯ ಒಂದು ಚೌಕಟ್ಟು, ಅದರ ಮೇಲೆ ದೊಡ್ಡ ಗೇಜಿನ ಹಳಿ. ವಾಟರ್‌ಹೌಸಸ್‌ನಲ್ಲಿ ದೊಡ್ಡ ವ್ಯಾಗನ್ನನ್ನು ಹಾಗೇ ತಳ್ಳಿ ಇದರ ಮೇಲೆ ಹತ್ತಿಸಿ ಬಿಗಿದುಬಿಡುವುದು. ಮುಂದಿನ ಸ್ಟೇಷನ್‌ಗಳಲ್ಲಿ ಹತ್ತಿಪ್ಪತ್ತು ಮಾರು ದೊಡ್ಡ ಹಳಿ ಹಾಕಿಟ್ಟಿದ್ದರು. ಅಲ್ಲಿ ಹಾಗೇ ಇಳಿಸುವುದು. ಕಲ್ಲಿದ್ದಲು ತುಂಬಿದ ಅಗಲದ ವ್ಯಾಗನ್ ಕಿರಿದಾದ ಹಳಿಯ ಮೇಲೆ ವಾಲಾಡುತ್ತಾ ಬರುವುದನ್ನು ನೆನೆಸಿಕೊಳ್ಳಿ. ಅಪ್ಪನ ಹೆಗಲ ಮೇಲೆ ಮಗ ಕೂರುವುದು ಮಾಮೂಲು. ಇಲ್ಲಿ ಮಗನ ಹೆಗಲ ಮೇಲೆ ಅಪ್ಪ.

ಸುರಂಗ ಯಾಕೆ ಬೇಕಾಯಿತು? ಸುತ್ತಿ ಹೋಗಬಹುದಿತ್ತಲ್ಲ?

ಬಟರ್‌ಟನ್ ಸ್ಟೇಷನ್ ಹತ್ತಿರ ಸ್ವೇನ್ಸ್‌ಲಿ ಸುರಂಗ ಇದೆ. ಉದ್ದ 150 ಮೀಟರ್ ಆಸುಪಾಸು. ಹತ್ತಿರದ ಸ್ವೇನ್ಸ್‌ಲಿ ಹಾಲ್ ಅನ್ನೋ ದೊಡ್ಡ ಮನೆಯಲ್ಲಿ ಸರ್ ಥಾಮಸ್ ವಾರ್ಡಲ್ ಇದ್ದರು. ರೈಲು ಕಂಪನಿಯ ನಿರ್ದೇಶಕರಲ್ಲಿ ಅವರೂ ಒಬ್ಬರು. ರೈಲು ಬೇಕು, ಆದರೆ ತಮ್ಮ ಕಿಟಕಿಯಿಂದ ಅದು ಕಾಣಬಾರದು! ಅದಕ್ಕೇ ಗುಡ್ಡ ಕೊರೆದರು ಅನ್ನೋದು ಎಲ್ಲರೂ ಹೇಳುವ ಕಥೆ.

ಈ ವಾರ್ಡಲ್ ಲೀಕ್‌ನ ರೇಷ್ಮೆಗೆ ಬಣ್ಣ ಹಾಕುವ ಉದ್ಯಮಿ. ನಮ್ಮ ಕಾಡುರೇಷ್ಮೆ ಟಸರ್‌ಗೆ ಸರಿಯಾಗಿ ಬಣ್ಣ ಹಿಡಿಸುವುದು ಹೇಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ದಾರಿ ಕಂಡುಹಿಡಿದವರು. 1885ರ ಸುಮಾರಿಗೆ ಇಂಡಿಯಾಗೂ ಬಂದಿದ್ದರು. ವಿನ್ಯಾಸಗಾರ ವಿಲಿಯಂ ಮಾರಿಸ್ ನೀಲಿ ಬಣ್ಣದ ತೊಟ್ಟಿಗೆ ಕೈ ಅದ್ದಿ ಕೆಲಸ ಕಲಿತದ್ದು ಲೀಕ್‌ನಲ್ಲಿ, ಇವರ ಬಳಿಯೇ. ಒಂದು ಪುಟ್ಟ ರೈಲಿನಲ್ಲಿ ಬಾರ್ಶಿಯೂ ಇದೆ, ಟಸರ್ ರೇಷ್ಮೆಯೂ ಇದೆ.

ಸುರಂಗದೊಳಗೆ ಹೋದಾಗ ಒಂದು ಗಮನಿಸಿ. ಎರಡೂವರೆ ಅಡಿ ರೈಲಿಗೆ ಇಷ್ಟು ಎತ್ತರ, ಇಷ್ಟು ಅಗಲ ಯಾಕೆ ಅನ್ನಿಸುತ್ತದೆ. ಹೆಗಲ ಮೇಲೆ ದೊಡ್ಡ ವ್ಯಾಗನ್ ಹೊತ್ತು ಹೋಗಬೇಕಿತ್ತಲ್ಲ, ಅದಕ್ಕೆ. ಈಗ ಅದರಲ್ಲಿ ಕಾರೇ ಓಡಾಡುತ್ತದೆ.

ಜನ ಹತ್ತುತ್ತಿದ್ದರಾ?

ರಜೆ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ, ಉಳಿದ ದಿನ ಖಾಲಿ. ಸ್ಟೋಕ್ ಸುತ್ತಲಿನ ಕುಂಬಾರಿಕೆ ಕಾರ್ಖಾನೆಗಳ ಕೆಲಸಗಾರರು ಬ್ಯಾಂಕ್ ಹಾಲಿಡೇ ಬಂದರೆ ಸಾಕು, ಹೊಗೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬರುತ್ತಿದ್ದರು. ನಾಲ್ಕು ಬೋಗಿ ಸಾಲದೆ ತೆರೆದ ಗೂಡ್ಸ್ ವ್ಯಾಗನ್‌ಗೆ ಬೆಂಚು ಹಾಕಿ ಕೂರಿಸಿದ್ದೂ ಉಂಟು.

ಊರಿನವರ ಕಷ್ಟ ಬೇರೆ. ಗ್ರಿಂಡನ್, ವೆಟ್ಟನ್, ಬಟರ್‌ಟನ್ ಹಳ್ಳಿಗಳೆಲ್ಲ ಗುಡ್ಡದ ಮೇಲೆ, ಅವುಗಳ ಹೆಸರಿನ ಸ್ಟೇಷನ್ ಕಣಿವೆಯ ತಳದಲ್ಲಿ. ಸಂತೆ ಮುಗಿಸಿ ಕೈಚೀಲ ಹಿಡಿದು ರೈಲಿಳಿದ ಹೆಂಗಸು ಅಲ್ಲಿಂದ ಮೈಲಿಗಟ್ಟಲೆ ಏರು ಹತ್ತಬೇಕು. ನಾನು ಒಮ್ಮೆ ಗ್ರಿಂಡನ್ ಸ್ಟೇಷನ್ ಇದ್ದ ಜಾಗದಿಂದ ಊರಿನ ಚರ್ಚ್‌ವರೆಗೆ ಖಾಲಿ ಕೈಯಲ್ಲಿ ಹತ್ತಿದೆ. ಮೂರು ಸಲ ನಿಂತು ಉಸಿರು ತೆಗೆದುಕೊಂಡೆ. ಬಸ್ಸು ಊರೊಳಗೇ ಬರಲು ಶುರುವಾದ ಮೇಲೆ ಯಾರು ತಾನೆ ಈ ರೈಲು ಹತ್ತುತ್ತಾರೆ?

ಮತ್ತೆ ಇದನ್ನು ಯಾಕೆ ಎಲ್ಲರೂ ಆಡಿಕೊಳ್ಳುತ್ತಾರೆ?

ರೈಲು ಹಾಕುವಾಗ ಮಣ್ಣು ಹೊತ್ತ ಕೆಲಸಗಾರನೊಬ್ಬ ಹೇಳಿದ ಅಂತ ಒಂದು ಮಾತಿದೆ. ಲೈನೇನೋ ಚೆನ್ನಾಗಿದೆ, ಆದರೆ ಇದು ಉದ್ಧಾರ ಆಗಲ್ಲ, ಯಾಕಂದ್ರೆ ಎಲ್ಲೂ ಅಲ್ಲದ ಜಾಗದಲ್ಲಿ ಶುರುವಾಗಿ ಅಂಥದ್ದೇ ಜಾಗದಲ್ಲಿ ಮುಗಿಯುತ್ತೆ ಅಂದನಂತೆ. ಈ ರೈಲಿನ ಬಗ್ಗೆ ಯಾರೇ ಮಾತಾಡಲಿ, ಇದನ್ನು ಹೇಳದೆ ಬಿಡುವುದಿಲ್ಲ. ನಾನೂ ಬಿಡಲಿಲ್ಲ ನೋಡಿ.

ಆದರೆ ಆ ಮಾತು ಪೂರ್ತಿ ನ್ಯಾಯ ಅಲ್ಲ ಅನ್ನಿಸುತ್ತದೆ. ಬಾರ್ಶಿಯನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಿ. ಬುದ್ಧಿ ಒಂದೇ, ಯಂತ್ರ ಒಂದೇ. ಅಲ್ಲಿ ಹತ್ತಿ ಇತ್ತು, ಪಂಢರಪುರ ಇತ್ತು, ಆಷಾಢ ಬಂದರೆ ಲಕ್ಷಗಟ್ಟಲೆ ಜನ. ಆ ರೈಲು ಗೆದ್ದಿತು. ಇಲ್ಲಿ ವಿಠ್ಠಲ ಇರಲಿಲ್ಲ, ಅಷ್ಟೇ. ಹಾಲಿನ ಕ್ಯಾನು ಇತ್ತು. ಹಾಲು ಇರುವಷ್ಟು ದಿನ ಇದೂ ಓಡಿತು.

ಯಾಕೆ ಮುಚ್ಚಿತು? ಇದೂ ಬೀಚಿಂಗ್ ಕೆಲಸಾನಾ?

ಅಲ್ಲ. ಇಂಗ್ಲೆಂಡಿನಲ್ಲಿ ಯಾವ ರೈಲು ಮುಚ್ಚಿದ್ದರೂ ಡಾಕ್ಟರ್ ಬೀಚಿಂಗ್ ತಲೆಗೆ ಕಟ್ಟುವುದು ರೂಢಿ. ನಷ್ಟದ ರೈಲು ದಾರಿಗಳನ್ನು ಮುಚ್ಚಿ ಅಂದ ಅವರ ವರದಿ ಬಂದದ್ದು 1963ರಲ್ಲಿ. ಅಷ್ಟರಲ್ಲಿ ಇದು ನಿಂತು 29 ವರ್ಷ ಆಗಿತ್ತು.

ಇದನ್ನು ಮುಗಿಸಿದ್ದು ಲಾರಿ. ಎಕ್ಟನ್‌ನಲ್ಲಿ ಒಂದು ಡೈರಿ ಇತ್ತು. ಅಲ್ಲಿಂದ ಹಾಲು ಈ ರೈಲಿನಲ್ಲಿ ವಾಟರ್‌ಹೌಸಸ್‌ಗೆ ಬಂದು, ದೊಡ್ಡ ರೈಲಿನಲ್ಲಿ ಲಂಡನ್‌ವರೆಗೂ ಹೋಗುತ್ತಿತ್ತು. 1930ರ ದಶಕದ ಶುರುವಿನಲ್ಲಿ ಆ ಡೈರಿ ಮುಚ್ಚಿತು. ರೈತರ ಹಾಲು ಮನೆ ಬಾಗಿಲಿಗೇ ಬರುವ ಲಾರಿಗೆ ಹೋಯಿತು. ಆಮೇಲೆ ರೈಲಿಗೆ ಉಳಿದದ್ದು ಬೇಸಿಗೆಯ ನಾಲ್ಕು ಜನ ಪ್ರವಾಸಿಗಳು. ಕೊನೆಯ ಗಾಡಿ 1934ರ ಮಾರ್ಚ್ 10ರಂದು ಓಡಿತು.

ಹಳಿ, ಎಂಜಿನ್ ಎಲ್ಲ ಎಲ್ಲಿ ಹೋದವು?

ಗುಜರಿಗೆ. ಎರಡು ಎಂಜಿನ್‌ಗಳೂ ಉಳಿಯಲಿಲ್ಲ. ಜೆ. ಬಿ. ಅರ್ಲ್ ಎಂಜಿನ್‌ದಂತೂ ಬೇಜಾರಿನ ಕಥೆ. ಹಳಿ ಕೀಳುವ ಕೆಲಸಕ್ಕೆ ಅದನ್ನೇ ಬಳಸಿಕೊಂಡರು.

ಆದರೆ ರೈಲು ಕಂಪನಿ ಒಂದು ಒಳ್ಳೇ ಕೆಲಸ ಮಾಡಿತು. ದಾರಿಯನ್ನು ಚೂರು ಚೂರಾಗಿ ಮಾರದೆ ಸ್ಟಾಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗೆ ಕೊಟ್ಟಿತು. ಕೌನ್ಸಿಲ್ ಅದಕ್ಕೆ ಟಾರು ಹಾಕಿ 1937ರಲ್ಲಿ ಕಾಲುದಾರಿ ಮಾಡಿತು. ಹಳೇ ರೈಲು ದಾರಿಯನ್ನು ಜನರ ಓಡಾಟಕ್ಕೆ ಬಿಡುವುದು ಈಗ ಎಲ್ಲ ಕಡೆ ಇದೆ, ಆಗ ಇದು ಹೊಸ ವಿಚಾರ. ಈಗ ಅದರ ಹೆಸರು ಮ್ಯಾನಿಫೋಲ್ಡ್ ವೇ.

ಈಗ ಹೋದರೆ ಏನು ನೋಡಬಹುದು?

ಹಲ್ಮ್ ಎಂಡ್‌ನಲ್ಲಿ ಹಳೇ ಟಿಕೆಟ್ ಆಫೀಸು ಉಳಿದಿದೆ, ಈಗ ಪ್ರವಾಸಿಗಳಿಗೆ ಮಾಹಿತಿ ಕೇಂದ್ರ. ಎಂಜಿನ್ ಶೆಡ್ ಇದ್ದ ಕಡೆ ಟೀ ಅಂಗಡಿ. ದಾರಿಯಲ್ಲಿ ಥಾರ್ಸ್ ಕೇವ್ ಅನ್ನೋ ಗುಹೆ, ಹೊಳೆಯಿಂದ 80 ಮೀಟರ್ ಮೇಲೆ ಬಾಯಿ ತೆರೆದುಕೊಂಡು ನಿಂತಿದೆ. ಕಲ್ಲಿನ ಯುಗದ ಜನ ಇದ್ದ ಜಾಗ. ಕೆಳಗೆ ಅದೇ ಹೆಸರಿನ ಸ್ಟೇಷನ್ ಇತ್ತು. ಮಳೆ ಬಂದಾಗ ಹತ್ತಬೇಡಿ, ಸುಣ್ಣಕಲ್ಲು ಸೋಪಿನ ಹಾಗೆ ಜಾರುತ್ತದೆ. ಬೀಸ್ಟನ್ ಟಾರ್‌ನ ಗುಹೆಯಲ್ಲಿ 1924ರಲ್ಲಿ, ಇನ್ನೂ ರೈಲು ಓಡುತ್ತಿದ್ದಾಗಲೇ, ಆಂಗ್ಲೋ-ಸ್ಯಾಕ್ಸನ್ ಕಾಲದ ಬೆಳ್ಳಿ ನಾಣ್ಯಗಳು ಮತ್ತು ಬಟ್ಟೆಗೆ ಚುಚ್ಚಿಕೊಳ್ಳುವ ಎರಡು ಬೆಳ್ಳಿ ಬ್ರೂಚ್ ಸಿಕ್ಕವು. ವೈಕಿಂಗ್ ದಾಳಿಯ ಭಯಕ್ಕೆ ಯಾರೋ ಅಡಗಿಸಿಟ್ಟದ್ದಿರಬೇಕು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ನಿಮ್ಮ ಫೋಟೋದಲ್ಲಿ ಹೊಳೆಯೇ ಇಲ್ಲವಲ್ಲ?

ಇದೆ, ನೆಲದ ಕೆಳಗೆ. ಬೇಸಿಗೆಯಲ್ಲಿ ಮ್ಯಾನಿಫೋಲ್ಡ್ ಹೊಳೆ ವೆಟ್ಟನ್ ಮಿಲ್ ಹತ್ತಿರ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಮೈಲಿಗಟ್ಟಲೆ ಒಳಗೊಳಗೇ ಹೋಗಿ ಐಲಮ್ ಊರಿನಲ್ಲಿ ಮತ್ತೆ ಮೇಲೆ ಬರುತ್ತದೆ. ನಡುವೆ ಸೇತುವೆ ಇದೆ, ಕೆಳಗೆ ಬರೀ ಕಲ್ಲು. ಆ ಒಣ ಹೊಳೆಯ ತುಂಬಾ ಬಟರ್‌ಬರ್ ಅನ್ನೋ ಗಿಡ, ಥೇಟ್ ಕೆಸುವಿನ ಎಲೆಯ ಹಾಗೆ ಅಗಲ ಎಲೆ. ಮೊದಲ ಸಲ ನೋಡಿದಾಗ ನನಗೆ ಪತ್ರೊಡೆ ನೆನಪಾಯಿತು. ದಯವಿಟ್ಟು ಕಿತ್ತು ತಿನ್ನಬೇಡಿ, ಅದು ಬೇರೆ ಗಿಡ.

ಕಾಲ್‌ತ್ರಪ್ ಆಮೇಲೆ ಏನು ಮಾಡಿದರು?

ಪ್ಯಾರಾಚೂಟ್! 1910ರಲ್ಲಿ ಅವರ ಸ್ನೇಹಿತ ಚಾರ್ಲ್ಸ್ ರೋಲ್ಸ್, ಅಂದರೆ ರೋಲ್ಸ್-ರಾಯ್ಸ್‌ನ ರೋಲ್ಸ್, ವಿಮಾನ ಬಿದ್ದು ತೀರಿಕೊಂಡರು. ಆ ನೋವಿನಲ್ಲಿ ಇವರು ಪೈಲಟ್‌ಗಳ ಜೀವ ಉಳಿಸುವ ಪ್ಯಾರಾಚೂಟ್ ಮಾಡಲು ಹೊರಟರು. ಗಾರ್ಡಿಯನ್ ಏಂಜೆಲ್ ಅಂತ ಹೆಸರಿಟ್ಟರು. ಅರಬ್ಬಿ ಕುದುರೆಗಳನ್ನೂ ಸಾಕುತ್ತಿದ್ದರು. ಬಾರ್ಶಿಯ ರೈಲು ಮಿರಜ ತಲುಪಿದ 1927ರಲ್ಲೇ ತೀರಿಕೊಂಡರು. ತಮ್ಮ ಹಳದಿ ಬೋಗಿಯ ರೈಲು ಮುಚ್ಚಿದ್ದನ್ನು ನೋಡಲಿಲ್ಲ.

ಸೈಕಲ್‌ನಲ್ಲಿ ಎಷ್ಟು ಹೊತ್ತು ಬೇಕು? ಮಕ್ಕಳಿಗೆ ಆಗುತ್ತಾ?

ಆಗುತ್ತದೆ. ಹೆಚ್ಚಿನ ಕಡೆ ಕಾರಿನ ಕಾಟ ಇಲ್ಲ. ಸುರಂಗದ ಸುತ್ತಮುತ್ತ ಮಾತ್ರ ಕಾರು ಬರುತ್ತವೆ, ಹುಷಾರು. ವಾಟರ್‌ಹೌಸಸ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಎರಡೂ ತುದಿಯಿಂದ ಬೀಸ್ಟನ್ ಟಾರ್ ಕಡೆಗೆ ಇಳಿಜಾರು, ಅಂದರೆ ಎಲ್ಲಿಂದ ಹೊರಟರೂ ಒಂದು ಏರು ತಪ್ಪಿದ್ದಲ್ಲ. ರೈಲು ಹತ್ತಿದ ಏರು ಆದ್ದರಿಂದ ಕಾಲಿಗೆ ಗೊತ್ತೇ ಆಗುವುದಿಲ್ಲ, ಸೈಕಲ್ ಚೆನ್ನಾಗಿದ್ದರೆ.

ನನ್ನದು ವೆಟ್ಟನ್ ಮಿಲ್ ದಾಟಿದ ಮೇಲೆ ಪಂಕ್ಚರ್ ಆಯಿತು. ಪಂಪು ಮನೆಯಲ್ಲಿ. ವಾಟರ್‌ಹೌಸಸ್‌ವರೆಗೆ ಎಂಟು ಕಿಲೋಮೀಟರ್ ಹತ್ತಿರ ತಳ್ಳಿಕೊಂಡು ಬಂದೆ, ಎರಡು ಗಂಟೆಯ ಮೇಲಾಯಿತು. ಹಳದಿ ಬೋಗಿಯಾಗಿದ್ದರೆ ಅಷ್ಟು ಹೊತ್ತಲ್ಲಿ ಎರಡು ಸಲ ಹೋಗಿ ಬಂದಿರುತ್ತಿರಲಿಲ್ಲ ನಿಜ, ಆದರೆ ಒಂದು ಸಲ ಹೋಗಿ ಬಂದು, ನೀರು ತುಂಬಿಸಿಕೊಂಡು, ಮತ್ತೆ ಹೊರಡಲು ತಯಾರಾಗಿರುತ್ತಿತ್ತು.